ಮಲ್ಪೆಯಿಂದ ಅರ್ಧ ದಿನ ಗಾಳ ಹಾಕಲು ಹೋಗುವುದು: ಬೋಟ್ ಹತ್ತುವ ಮೊದಲು ಎಂತ ಕೇಳಬೇಕು?

ಪರ್ಕಳದವ

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಿಂದ ಅಕ್ಕ, ಭಾವ, ಅವರ ಹದಿನಾಲ್ಕು ವರ್ಷದ ಮಗ ಬರುತ್ತಿದ್ದಾರೆ. ಹುಡುಗನಿಗೆ ಗಾಳ ಅಂದರೆ ಪ್ರಾಣ. ಕೆರೆಯಲ್ಲಿ ಹಾಕಿದ್ದಾನೆ, ಸಮುದ್ರ ನೋಡಿದ್ದು ದಡದಿಂದ ಮಾತ್ರ. ಮಲ್ಪೆಯಿಂದ ಬೋಟಿನಲ್ಲಿ ಅರ್ಧ ದಿನ ಕರೆದುಕೊಂಡು ಹೋಗಿ, ಗಾಳವನ್ನೂ ಅವರೇ ಕೊಟ್ಟು, ಹೇಳಿಕೊಟ್ಟು ವಾಪಸ್ ತಂದು ಬಿಡುವವರು ಇದ್ದಾರೆ ಅಂತ ಗೊತ್ತು. ಇಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿದೆ. ಒಬ್ಬರು "ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ತಿಂಡಿ ಮುಗಿಸಿ ಆರಾಮಾಗಿ" ಅಂದರು. ಇನ್ನೊಬ್ಬರು "ಐದೂವರೆಗೆ ಧಕ್ಕೆಯಲ್ಲಿ (ಬೋಟ್ ನಿಲ್ಲುವ ಕಟ್ಟೆಯಲ್ಲಿ) ಇರಬೇಕು, ಇಲ್ಲದಿದ್ದರೆ ಬೇಡ" ಅಂದರು. ದುಡ್ಡು ಹೆಚ್ಚುಕಮ್ಮಿ ಒಂದೇ.

ನಮ್ಮ ಅಪ್ಪನೂ ಬರುತ್ತೇನೆ ಅಂತಿದ್ದಾರೆ, ಅವರಿಗೆ ಶುಗರ್ ಉಂಟು. ಯಾರನ್ನು ಆರಿಸಬೇಕು, ಅರ್ಧ ದಿನದಲ್ಲಿ ಎಂತ ಸಿಗಬಹುದು, ಎಂತೆಲ್ಲ ಕೇಳಬೇಕು ಅಂತ ಗೊತ್ತಿದ್ದವರು ಹೇಳಿ.

ಗಾಳ_ಮಲ್ಪೆ

ಐದೂವರೆಯವರನ್ನೇ ಹಿಡಿಯಿರಿ. ಬೇರೆ ಎಂತ ಕೇಳದಿದ್ದರೂ ಇದೊಂದರಲ್ಲೇ ಗೊತ್ತಾಗುತ್ತದೆ, ಅವರು ಸಮುದ್ರ ನೋಡಿ ಹೊತ್ತು ಹೇಳುವವರು, ನಿಮ್ಮ ಅನುಕೂಲ ನೋಡಿ ಅಲ್ಲ.

ಕಾರಣ ಗಾಳಿ. ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ನೀರು ತಣಿಯುವುದಿಲ್ಲ. ಹಾಗಾಗಿ ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರಕ್ಕೆ, ಅಂದರೆ ಮೂಡಣದಿಂದ ಮೆಲ್ಲಗೆ ಬೀಸುತ್ತದೆ. ದಡದ ಹತ್ತಿರದ ನೀರು ಸಪಾಟಾಗಿರುತ್ತದೆ. ಬಿಸಿಲೇರಿದ ಹಾಗೆ ನೆಲ ಕಾದು ಇದು ತಿರುಗುತ್ತದೆ, ಹತ್ತು ಹನ್ನೊಂದರ ಹೊತ್ತಿಗೆ ಪಡುವಣ ಗಾಳಿ ಶುರು, ಮಧ್ಯಾಹ್ನ ದಾಟಿದ ಮೇಲೆ ಅದು ಜೋರಾಗಿ ಸಣ್ಣ ಸಣ್ಣ ಒತ್ತೊತ್ತಾದ ಅಲೆ ಎಬ್ಬಿಸುತ್ತದೆ. ಸಣ್ಣ ಬೋಟಿನಲ್ಲಿ ವಾಂತಿ ಬರಿಸುವುದು ದೊಡ್ಡ ಅಲೆಗಿಂತ ಈ ಒತ್ತೊತ್ತಾದ ಅಲೆಯೇ ಜಾಸ್ತಿ. ಒಂಬತ್ತಕ್ಕೆ ಹೊರಟವರು ಗಾಳ ಬಿಡುವ ಜಾಗಕ್ಕೆ ತಲುಪುವಾಗ ಹತ್ತು ದಾಟಿರುತ್ತದೆ. ಸಮುದ್ರದ ಒಳ್ಳೆಯ ಹೊತ್ತು ಪೂರ್ತಿ ಕಳೆದುಹೋಯಿತು ಅಲ್ವಾ? ಮೀನೂ ಹಾಗೆಯೇ, ಬೆಳಕು ಹರಿಯುವ ಹೊತ್ತಿನಲ್ಲಿ ಸಣ್ಣ ಮೀನು ಮೇಲೆ ಬರುತ್ತದೆ, ಅದರ ಹಿಂದೆ ಅಂಜಲ್, ಕೊಕ್ಕರ್ ಥರದ ದೊಡ್ಡ ಮೀನು ಬರುತ್ತವೆ. ಡಿಸೆಂಬರಿನಲ್ಲಿ ಉಡುಪಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲಿನ ಹೊತ್ತಿಗೆ, ಆಗ ನೀವು ಜಾಗದ ಮೇಲೆ ಇರಬೇಕು.

ಇನ್ನು ತಾಂಡೇಲನ (ಬೋಟ್ ನಡೆಸುವವನ) ಹತ್ತಿರ "ಎಷ್ಟು ಮೀನು ಸಿಗುತ್ತದೆ" ಅಂತ ಕೇಳಬೇಡಿ. "ತಳ ಎಂಥದ್ದು, ಯಾವ ಪಾದೆಗೆ (ನೀರಿನಡಿಯ ಬಂಡೆಗೆ) ಹೋಗುತ್ತೀರಿ" ಅಂತ ಕೇಳಿ. ನಮ್ಮ ಕಡೆಯ ಸಮುದ್ರದ ತಳ ದಡದಿಂದ ಮೆಲ್ಲ ಮೆಲ್ಲ ಇಳಿಯುತ್ತದೆ, ಹೆಚ್ಚಿನ ಕಡೆ ಬರೀ ಕೆಸರು, ಮರಳು. ಗಾಳಕ್ಕೆ ಬೀಳುವ ದೊಡ್ಡ ಮೀನು ನಿಲ್ಲುವುದು ಬಂಡೆ ಇರುವಲ್ಲಿ. ಸೇಂಟ್ ಮೇರೀಸ್ ದ್ವೀಪದ ಬಂಡೆಗಳು ನೀರಿನ ಮೇಲೆ ಕಾಣುವಷ್ಟೇ ಅಂತ ತಿಳಿಯಬೇಡಿ. ಇಂಥ ಪಾದೆಗಳನ್ನು ಈಗ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮೊದಲು ಹಳಬರು ದಡ ನೋಡಿ ಹೇಳುತ್ತಿದ್ದರು. ಕಾಪು ಲೈಟ್‌ಹೌಸ್ (1901ರದ್ದು ಅದು) ಹಿಂದಿನ ಒಂದು ಗುಡ್ಡಕ್ಕೆ ಸರಿಯಾಗಿ ಕೂಡಬೇಕು, ಇನ್ನೊಂದು ಕಡೆ ಯಾವುದೋ ಮರ ಯಾವುದೋ ಗೋಪುರಕ್ಕೆ ಕೂಡಬೇಕು, ಎರಡೂ ಒಟ್ಟಿಗೆ ಕೂಡಿದ ಜಾಗದಲ್ಲಿ ಲಂಗರು. ನಾನು ಹೋಗುವ ತಾಂಡೇಲರು ಈಗಲೂ ಜಿಪಿಎಸ್ ನೋಡಿ, ಆಮೇಲೆ ತಲೆಯೆತ್ತಿ ದಡ ನೋಡಿ ಖಾತ್ರಿ ಮಾಡಿಕೊಂಡೇ ಎಂಜಿನ್ ನಿಲ್ಲಿಸುವುದು. ಅಂಥವರು ಸಿಕ್ಕಿದರೆ ಬಿಡಬೇಡಿ.

ಪರ್ಕಳದವ

ತುಂಬಾ ಉಪಕಾರ ಅಣ್ಣ. ಐದೂವರೆಯವರಿಗೇ ಹೇಳುತ್ತೇನೆ. ಅಂಜಲ್ ಸಿಗಬಹುದಾ? ಹುಡುಗ ಅದನ್ನೇ ಕೇಳುತ್ತಿದ್ದಾನೆ.

ಸುರತ್ಕಲ್ ರೀಲ್

ಸಿಗಬಹುದು. ಸಿಗದೆಯೂ ಹೋಗಬಹುದು. ಹುಡುಗನಿಗೆ ಮೊದಲೇ ಹೇಳಿಡಿ.

ಅರ್ಧ ದಿನದಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಆಗುತ್ತದೆ. ಹೋಗುವಾಗಲೂ ಬರುವಾಗಲೂ ಟ್ರೋಲಿಂಗ್, ಅಂದರೆ ಬೋಟು ಮೆಲ್ಲಗೆ ಓಡುತ್ತಿರುವಾಗಲೇ ಹಿಂದೆ ನಕಲಿ ಮೀನು ಎಳೆಯುವುದು. ನಡುವೆ ಪಾದೆಯ ಮೇಲೆ ನಿಂತು ತಳಕ್ಕೆ ಗಾಳ ಇಳಿಸುವುದು. ಅಂಜಲ್ ಬೀಳುವುದು ಹೆಚ್ಚಾಗಿ ಮೊದಲನೆಯದರಲ್ಲಿ. ಐದಾರು ನಾಟ್ ವೇಗ, ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಹುಡುಗನಿಗೆ ಬೋಟು ತೀರಾ ನಿಧಾನ ಅನ್ನಿಸಬಹುದು, ಆದರೆ ನಕಲಿ ಮೀನು ಜೀವ ಇರುವ ಹಾಗೆ ಅಲ್ಲಾಡುವುದು ಆ ವೇಗದಲ್ಲೇ. ಅಂಜಲಿನ ಹಲ್ಲು ಬ್ಲೇಡು. ಗಾಳದ ಹತ್ತಿರ ತುಂಡು ಸ್ಟೀಲ್ ತಂತಿ ಇಲ್ಲದಿದ್ದರೆ ನೈಲಾನನ್ನು ಕಚ್ಚಿ ಕತ್ತರಿಸಿಕೊಂಡು ಹೋಗುತ್ತದೆ. "ತಂತಿ ಕಟ್ಟಿದ್ದೀರಾ" ಅಂತ ನೋಡಿ ಕೇಳಿ.

ಬಿದ್ದ ಕೂಡಲೇ ರೀಲು (ಕೋಲಿನ ಮೇಲೆ ದಾರ ಸುತ್ತುವ ಚಕ್ರ) ಕೂಗುತ್ತದೆ. ಹೊಸಬರೆಲ್ಲ ಆಗ ಮಾಡುವುದು ಒಂದೇ ಕೆಲಸ, ರೀಲಿನ ಬಿಗಿ ಹೆಚ್ಚು ಮಾಡುವುದು. ಮಾಡಬಾರದು. ಅಂಜಲಿನ ಮೊದಲ ಓಟ ಅದರದ್ದೇ, ಓಡಲಿ. ಕೋಲು ಮೇಲೆ ಹಿಡಿದು ಸುಮ್ನೆ ನಿಲ್ಲಬೇಕು. ಅದು ನಿಂತಾಗ ಕೋಲನ್ನು ಮೇಲೆತ್ತಿ, ಇಳಿಸುತ್ತಾ ಸುತ್ತಿಕೊಳ್ಳಬೇಕು, ದಾರ ಒಂದು ಕ್ಷಣವೂ ಸಡಿಲ ಆಗಬಾರದು. ಬೋಟಿನ ಹತ್ತಿರ ಬಂದ ಮೇಲೆ ಇನ್ನೊಮ್ಮೆ ಓಡುತ್ತದೆ, ಹೆಚ್ಚಿನವರು ಮೀನು ಬಿಡುವುದು ಅಲ್ಲೇ.

ತಳದ ಗಾಳಕ್ಕೆ ಬೊಂಡಾಸ್ (ಸ್ಕ್ವಿಡ್) ತುಂಡು ನನ್ನ ಮೊದಲ ಆಯ್ಕೆ. ಎಟ್ಟಿ (ಸಿಗಡಿ), ಬೂತಾಯಿ ತುಂಡೂ ಆಗುತ್ತದೆ, ಆದರೆ ಅವು ಮೆತ್ತಗೆ, ಸಣ್ಣ ಮೀನು ಕುಟುಕಿ ಖಾಲಿ ಮಾಡುತ್ತವೆ. ಬೊಂಡಾಸ್ ಗಟ್ಟಿ, ಗಾಳದಲ್ಲಿ ನಿಲ್ಲುತ್ತದೆ. ಮುರು, ಕೆಂಬೇರಿ, ಮದಿಮಾಳ್, ಕೊಡ್ಡಾಯಿ ಎಲ್ಲ ಬೀಳಬಹುದು. ಮುರು ಕಚ್ಚಿದ ಕೂಡಲೇ ಬಂಡೆಯ ಸಂದಿಗೆ ನುಗ್ಗುತ್ತದೆ. ಇಲ್ಲಿ ಅಂಜಲಿನ ಪಾಠದ ಉಲ್ಟಾ, ಬಿಗಿ ಹಿಡಿದು ಮೊದಲ ಎರಡು ಮಾರು ಗಡಿಬಿಡಿಯಲ್ಲೇ ಮೇಲೆತ್ತಬೇಕು. ಸಂದಿಗೆ ಹೋಗಿ ಕಿವಿರು ಅಗಲಿಸಿ ಕೂತರೆ ಆಮೇಲೆ ಎಷ್ಟು ಎಳೆದರೂ ಬರುವುದಿಲ್ಲ.

ಬೆಂಗ್ರೆ ಕಡೆಯವಳು

ಎಲ್ಲರೂ ಮೀನಿನ ಬಗ್ಗೆ ಹೇಳುತ್ತಿದ್ದೀರಿ, ನಾನು ಬಲೆಯ ಬಗ್ಗೆ ಹೇಳುತ್ತೇನೆ. ನಮ್ಮದು ಮೀನುಗಾರಿಕೆಯ ಮನೆ. ಅಣ್ಣಂದಿರು ರಾತ್ರಿ ಬಲೆ ಬಿಟ್ಟು ಬೆಳಿಗ್ಗೆ ಎತ್ತುವವರು. ನೀವು ಟ್ರೋಲಿಂಗ್ ಮಾಡುವ ಹೊತ್ತಿಗೆ ಸರಿಯಾಗಿ ಆ ಬಲೆಗಳು ನೀರಿನಲ್ಲಿ ಇರುತ್ತವೆ. ಬಲೆಯ ತುದಿಯಲ್ಲಿ ಬಾವುಟ ಕಟ್ಟಿದ ಕೋಲು, ಸಾಲಾಗಿ ತೇಲುಬೆಂಡು ಇರುತ್ತದೆ. ಬೆಳಕು ಸರಿಯಾಗಿ ಹರಿಯುವ ಮೊದಲು ಅದು ಕಾಣುವುದಿಲ್ಲ. ನಿಮ್ಮ ನಕಲಿ ಮೀನಿನ ಮೂರು ಕೊಕ್ಕೆಯ ಗಾಳ ಬಲೆಗೆ ಸಿಕ್ಕಿದರೆ ಎಳೆದು ಹರಿಯಬೇಡಿ, ದಯವಿಟ್ಟು. ಎಂಜಿನ್ ನಿಲ್ಲಿಸಿ, ಹಿಂದೆ ಬಂದು ಬಿಡಿಸಿ. ಬಿಡಿಸಲು ಆಗದಿದ್ದರೆ ನಿಮ್ಮ ದಾರ ಕತ್ತರಿಸಿ, ಬಲೆ ಕತ್ತರಿಸಬೇಡಿ. ನಕಲಿ ಮೀನು ಹೋದರೆ ನಿಮಗೆ ಒಂದು ಆಟದ ಸಾಮಾನು ಹೋಯಿತು, ಬಲೆ ಹರಿದರೆ ನಮ್ಮ ಮನೆಯಲ್ಲಿ ಅಮ್ಮ ಎರಡು ದಿನ ಕೂತು ಹೆಣೆಯಬೇಕು, ಆ ಎರಡು ದಿನದ ದುಡಿಮೆಯೂ ಇಲ್ಲ.

ಇದಕ್ಕೂ ತಾಂಡೇಲ ಮುಖ್ಯ. ಮೀನುಗಾರಿಕೆ ಮಾಡಿ ಗೊತ್ತಿರುವವರು ಬಲೆ ಯಾವ ಕಡೆ ಇರಬಹುದು ಅಂತ ನೀರಿನ ಎಳೆತ ನೋಡಿ ಹೇಳುತ್ತಾರೆ. ಸ್ಪೀಡ್ ಬೋಟ್ ಓಡಿಸಲು ಮಾತ್ರ ಕಲಿತವರಿಗೆ ಅದು ಗೊತ್ತಾಗುವುದಿಲ್ಲ.

ಇನ್ನೊಂದು, ನಮ್ಮ ಮನೆಯ ದೋಣಿಗೆ ಚಪ್ಪಲಿ ಹಾಕಿ ಯಾರೂ ಹತ್ತುವುದಿಲ್ಲ. ಅನ್ನ ಕೊಡುವ ದೋಣಿ. ನೀವು ಹೋಗುವ ಬೋಟಿನವರ ಹತ್ತಿರವೂ ಒಂದು ಮಾತು ಕೇಳಿಕೊಂಡು ಹತ್ತಿ, ಅವರಿಗೆ ಖುಷಿ ಆಗುತ್ತದೆ.

ಗಾಳ_ಮಲ್ಪೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಬಾವುಟ ಕಂಡರೆ ಬಲೆಯ ಸಾಲಿಗೆ ಅಡ್ಡ ಹೋಗದೆ ಸುತ್ತು ಹಾಕಿ ಹೋಗಲಿ, ಹತ್ತು ನಿಮಿಷ ತಡವಾದರೂ ತೊಂದರೆ ಇಲ್ಲ.

ಔಷಧಿ ಅಂಗಡಿ

ನಾನು ಉಡುಪಿಯಲ್ಲಿ ಫಾರ್ಮಸಿಸ್ಟ್. ಅಪ್ಪನಿಗೆ ಶುಗರ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಾಂತಿಗೆ ನಮ್ಮಲ್ಲಿ ಎಲ್ಲರೂ ತೆಗೆದುಕೊಳ್ಳುವುದು ಅವೋಮಿನ್. ಬೋಟು ಹತ್ತುವ ಮೊದಲೇ, ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಮಾತ್ರೆ ಹೊರಗೆ ಬರುತ್ತದೆ ಅಷ್ಟೇ. ಇದರಲ್ಲಿ ನಿದ್ದೆ ಬರುತ್ತದೆ, ತೆಗೆದುಕೊಂಡವರು ಆಮೇಲೆ ಕಾರು ಓಡಿಸಬಾರದು. ಮಲ್ಪೆಯಿಂದ ಪರ್ಕಳಕ್ಕೆ ಯಾರು ಓಡಿಸುವುದು ಅಂತ ಮೊದಲೇ ನಿಶ್ಚಯ ಮಾಡಿ. ವಯಸ್ಸಾದವರಲ್ಲಿ ಗ್ಲಾಕೋಮಾ ಇದ್ದರೆ, ಪ್ರಾಸ್ಟೇಟ್‌ನಿಂದ ಮೂತ್ರ ಕಟ್ಟುವ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಹುಡುಗನಿಗೂ ಎಷ್ಟು ಕೊಡಬೇಕು ಅಂತ ಕೇಳಿಯೇ ಕೊಡಿ.

ಖಾಲಿ ಹೊಟ್ಟೆಯಲ್ಲಿ ಹೋಗುವುದು ವಾಂತಿಗೆ ಮದ್ದಲ್ಲ. ಎರಡು ಇಡ್ಲಿ ತಿಂದು ಹೋಗಿ. ಎಣ್ಣೆಯದ್ದು, ಬನ್ಸು, ಗೋಳಿಬಜೆ ವಾಪಸ್ ಬಂದ ಮೇಲೆ. ಅಪ್ಪ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಏನೂ ತಿನ್ನದೆ ಇದ್ದರೆ, ಅಥವಾ ತಿಂದದ್ದೆಲ್ಲ ವಾಂತಿ ಆದರೆ, ಸಮುದ್ರದ ನಡುವೆ ಶುಗರ್ ಕೆಳಗೆ ಹೋಗುತ್ತದೆ. ಬೆವರು, ನಡುಕ ಬಂದರೆ "ಬಿಸಿಲು ಹೊಡೆಯಿತು" ಅಂತ ಬಿಡಬೇಡಿ. ಗ್ಲುಕೋಸ್ ಪುಡಿ, ಬೆಲ್ಲ ಅವರದ್ದೇ ಜೇಬಿನಲ್ಲಿ ಇರಲಿ.

ಎಲ್ಲಕ್ಕಿಂತ ಮುಖ್ಯ ಗಾಯ. ಸಮುದ್ರದ ಉಪ್ಪುನೀರಿನಲ್ಲಿ ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಆರೋಗ್ಯವಾಗಿರುವವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಶುಗರ್ ಅಥವಾ ಲಿವರ್ ತೊಂದರೆ ಇರುವವರಿಗೆ ಸಣ್ಣ ಮುಳ್ಳು ಚುಚ್ಚಿದರೂ ಒಂದೇ ದಿನದಲ್ಲಿ ಕೈ ಬಾತು ಗಂಭೀರ ಆಗಬಹುದು. ಹಾಗಾಗಿ ಅಪ್ಪ ಗಾಳ ಹಾಕಲಿ, ಕೋಲು ಹಿಡಿಯಲಿ, ಮೀನನ್ನು ಕೈಯಲ್ಲಿ ಮುಟ್ಟುವುದು ಬೇಡ. ಕಾಲಿಗೆ ಮುಚ್ಚಿದ ಶೂ. ಚುಚ್ಚಿದರೆ ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಕೆಂಪಾಗಿ ಬಾತರೆ ಕಾಯದೆ ಆಸ್ಪತ್ರೆ. ಗಾಳ ಮಾಂಸದೊಳಗೆ ಹೊಕ್ಕಿದರೆ ಎಳೆಯಬೇಡಿ, ದಾರ ಕತ್ತರಿಸಿ ಹಾಗೆಯೇ ಕರೆದುಕೊಂಡು ಬನ್ನಿ. ಟಿಟಿ ಇಂಜೆಕ್ಷನ್ ಯಾವಾಗ ತೆಗೆದುಕೊಂಡದ್ದು ಅಂತ ಈಗಲೇ ನೋಡಿಡಿ.

ಸುರತ್ಕಲ್ ರೀಲ್

ಮುಳ್ಳಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. ತಳದ ಗಾಳಕ್ಕೆ ತೇಡೆ (ಮೀಸೆ ಇರುವ ಕ್ಯಾಟ್ ಫಿಶ್) ಬೀಳುತ್ತದೆ, ಕೆಲವೊಮ್ಮೆ ತೊರಕೆ (ಚಪ್ಪಟೆ ರೇ ಮೀನು). ತೇಡೆಯ ಬೆನ್ನಿನಲ್ಲಿ ಒಂದು, ಎರಡೂ ಬದಿಯಲ್ಲಿ ಒಂದೊಂದು ಗರಗಸದಂಥ ವಿಷದ ಮುಳ್ಳು. ತೊರಕೆಯದ್ದು ಬಾಲದಲ್ಲಿ. ಹುಡುಗ ಖುಷಿಯಲ್ಲಿ ಹಿಡಿಯಲು ಹೋಗುತ್ತಾನೆ, ಮೊದಲೇ ಹೇಳಿಡಿ, ಬೋಟಿನವರು ಇಕ್ಕಳದಲ್ಲೇ ಬಿಡಿಸಲಿ. ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟುಕೊಂಡರೆ ನೋವು ಇಳಿಯುತ್ತದೆ, ಆ ವಿಷ ಬಿಸಿಗೆ ಕೆಡುತ್ತದೆ. ಚಹಾಕ್ಕೆ ಅಂತ ಒಯ್ಯುವ ಫ್ಲಾಸ್ಕಿನ ಜೊತೆ ಬರೀ ಬಿಸಿ ನೀರಿನದ್ದೂ ಒಂದು ಇರಲಿ. ಬಾತುಕೊಂಡು ಬಲೂನಿನ ಹಾಗಾಗುವ ಮೀನು ಬಂದರೆ ವಾಪಸ್ ನೀರಿಗೆ, ಅದನ್ನು ತಿನ್ನಬಾರದು.

ತೊಕ್ಕೊಟ್ಟು ಜಂಕ್ಷನ್

ಮಂಗಳೂರಿನವರಿಗೆ ಮಲ್ಪೆಯೇ ಬೇಕಾ? ಉಳ್ಳಾಲದ ಹತ್ತಿರ 2022ರ ಜೂನಿನಲ್ಲಿ ಮುಳುಗಿದ ಹಡಗು ಉಂಟಲ್ಲ, ಪ್ರಿನ್ಸೆಸ್ ಮಿರಾಲ್. ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದೆ ಅಂತಾರೆ. ಧಕ್ಕೆಯಿಂದ ಹತ್ತಿರ. ಅಲ್ಲಿಗೇ ಯಾಕೆ ಹೋಗಬಾರದು?

ಬೆಂಗ್ರೆ ಕಡೆಯವಳು

ಅಣ್ಣ, ಮೀನು ಸೇರುತ್ತದೆ ನಿಜ, ಯಾವುದೇ ಗಟ್ಟಿ ವಸ್ತು ತಳದಲ್ಲಿ ಇದ್ದರೂ ಸೇರುತ್ತದೆ. ಆದರೆ ಅದು ಉಕ್ಕಿನ ಕಾಯಿಲ್ ತುಂಬಿದ್ದ ಹಡಗು. ಅಂಥದ್ದರ ಮೇಲೆ ಸಣ್ಣ ಬೋಟಿನ ಲಂಗರು ಸಿಕ್ಕಿಕೊಂಡರೆ ಮೂತಿ ಕೆಳಗೆ ಎಳೆಯುತ್ತದೆ, ಅಲೆ ಒಳಗೆ ಬರುತ್ತದೆ. ಬಂದರು ಇಲಾಖೆಯವರನ್ನು ಕೇಳದೆ ಅದರ ಹತ್ತಿರ ಹೋಗುವ ಯೋಚನೆಯೇ ಬೇಡ.

ಮಂಗಳೂರಿನಿಂದ ಹೋಗುವವರು ಯೋಚಿಸಬೇಕಾದ್ದು ಅಳಿವೆ ಬಾಗಿಲು. ನೇತ್ರಾವತಿ, ಗುರುಪುರ ಎರಡೂ ಹೊಳೆ ಒಟ್ಟಿಗೆ ಸಮುದ್ರ ಸೇರುವ ಜಾಗ. ಹೊಳೆಯ ನೀರು ಇಳಿತದಲ್ಲಿ ಹೊರಗೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ಅಲ್ಲಿ ನೀರು ಎದ್ದು ಒಡೆಯುತ್ತದೆ. ಹೊರಗೆ ಸಮುದ್ರ ಶಾಂತ ಇದ್ದರೂ ಅಳಿವೆಯಲ್ಲಿ ದೋಣಿ ಮಗುಚಿದ್ದು ನಮ್ಮ ಊರಿನವರಿಗೆಲ್ಲ ಗೊತ್ತು. ಬೆಳಿಗ್ಗೆ ಹೋಗುವಾಗಿನ ನೀರು ಬೇರೆ, ಹನ್ನೊಂದಕ್ಕೆ ವಾಪಸ್ ಬರುವಾಗಿನ ನೀರು ಬೇರೆ. "ಬರುವಾಗ ಭರತವೋ ಇಳಿತವೋ" ಅಂತ ಕೇಳಿ. ಉತ್ತರ ತಟ್ಟನೆ ಬರಬೇಕು. ಅಳಿವೆ ದಾಟುವಾಗ ಫೋಟೋ ತೆಗೆಯಲು ಎದ್ದು ನಿಲ್ಲಬೇಡಿ, ಎಲ್ಲರೂ ಕೂತಿರಬೇಕು.

ಕಾಪು ಕಡಲು

ಸುರಕ್ಷೆಯ ಬಗ್ಗೆ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾವು ಒಮ್ಮೆ ಹಣ ಕೊಟ್ಟು ಹೋದ ಬೋಟಿನಲ್ಲಿ ಲೈಫ್ ಜಾಕೆಟ್ ಇತ್ತು, ಆದರೆ ಎಲ್ಲ ಮುಂದಿನ ಪೆಟ್ಟಿಗೆಯಲ್ಲಿ ಹಗ್ಗದ ಕೆಳಗೆ ಕಟ್ಟಿಟ್ಟಿದ್ದರು. ಕೇಳಿದರೆ "ಬೇಕಾದಾಗ ಕೊಡುತ್ತೇವೆ" ಅಂತ ಉತ್ತರ. ಬೇಕಾದಾಗ ಅದನ್ನು ಬಿಚ್ಚಲು ಯಾರಿಗೆ ಹೊತ್ತಿರುತ್ತದೆ? ನನ್ನ ಹೆಂಡತಿ ಎಲ್ಲರಿಗೂ ತೆಗೆಸಿ ಹಾಕಿಸಿದ ಮೇಲೆಯೇ ಬೋಟು ಬಿಡಲು ಬಿಟ್ಟದ್ದು. ಹುಡುಗನ ಅಳತೆಯದ್ದು ಉಂಟಾ ಅಂತ ಹಿಂದಿನ ದಿನವೇ ಕೇಳಿ. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಉಳಿಯುತ್ತದೆ, ಮಗು ಕೆಳಗೆ ಜಾರುತ್ತದೆ.

ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ನೆಟ್‌ವರ್ಕ್ ನಂಬಬಾರದು. ಬೋಟಿನಲ್ಲಿ ವಿಎಚ್‌ಎಫ್ ರೇಡಿಯೋ ಇರಬೇಕು, 16ನೇ ಚಾನೆಲ್ ಅಪಾಯದ ಕರೆಗೆ. ಫೋನ್ ಸಿಗುವಲ್ಲಿ ಕೋಸ್ಟ್ ಗಾರ್ಡ್ ನಂಬರ್ 1554. ನಮ್ಮ ಕಡೆ ಪಾದೆಗಳು ಎಷ್ಟು ಅಪಾಯ ಅಂತ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಎಲ್ಲರೂ ನೋಡಿದ್ದೇವೆ. ಹಡಗು ಎಳೆಯುವ ದೊಡ್ಡ ಟಗ್ ಒಂದು ಮೂಲ್ಕಿ ಕಡೆಯ ಬಂಡೆಗೆ ಸಿಕ್ಕಿಕೊಂಡು, ಅದರಲ್ಲಿದ್ದ ಒಂಬತ್ತು ಜನರನ್ನು ಕೋಸ್ಟ್ ಗಾರ್ಡ್, ನೌಕಾಪಡೆಯವರು ಸೇರಿ ಜೀವಂತ ಕರೆತಂದರು. ಟಗ್ಗಿಗೇ ಹಾಗಾದರೆ ಫೈಬರ್ ಬೋಟಿನ ಕಥೆ ಎಂತ? ಹಿಂದಿನ ರಾತ್ರಿ ಸಮುದ್ರದ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್‌ನ ಅಲೆಯ ಮುನ್ಸೂಚನೆ, ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಎರಡೂ ನೋಡಿ. ಅಲೆ ಒಂದೂವರೆ ಮೀಟರ್ ದಾಟುತ್ತದೆ ಅಂತ ಇದ್ದರೆ ನಾನು ಮನೆಯವರನ್ನು ಕರೆದುಕೊಂಡು ಹೋಗುವುದಿಲ್ಲ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ, ಆದರೂ ನೋಡಬೇಕು.

ಪರ್ಕಳದವ

ಇಷ್ಟೆಲ್ಲ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಧಕ್ಕೆಗೆ ಹೋಗಿ ತಾಂಡೇಲರನ್ನೇ ಕಂಡು ಬಂದೆ. ರೇಡಿಯೋ ಉಂಟು, ಹುಡುಗನ ಅಳತೆಯ ಜಾಕೆಟ್ ತರಿಸಿಡುತ್ತೇನೆ ಅಂದರು. 26ಕ್ಕೆ ಅಂತ ಮಾತಾಗಿದೆ. ಅವರ ಮಾತು ಒಂದೇ, "ಗಾಳಿ ಬೇಗ ಬಂದರೆ ನಾನು ಬೇಗ ತಿರುಗಿಸುತ್ತೇನೆ, ಆಗ ಬೇಜಾರು ಮಾಡಬಾರದು." ಒಪ್ಪಿದೆ.

ಸಿಕ್ಕಿದ ಮೀನು ನಮಗೇ ಅಂತೆ. ಎಲ್ಲ ತರಬಹುದಾ?

ಪಡುಬಿದ್ರಿ ಮಾಸ್ಟ್ರು

ತಿನ್ನುವಷ್ಟು ತನ್ನಿ, ಉಳಿದದ್ದು ಬಿಡಿ. ಕೈಯುದ್ದ ಇಲ್ಲದ ಮುರು, ಕೆಂಬೇರಿ ಎಲ್ಲ ವಾಪಸ್ ಹೋಗಬೇಕು. ಮುರು ಮೀನಿನದ್ದು ವಿಚಿತ್ರ, ಸಾಮಾನ್ಯವಾಗಿ ಹುಟ್ಟಿ ಬೆಳೆಯುವಾಗ ಹೆಣ್ಣು, ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗುತ್ತವೆ. ಒಂದು ಪಾದೆಯಲ್ಲಿ ಇರುವ ದೊಡ್ಡದನ್ನೆಲ್ಲ ಎತ್ತಿಬಿಟ್ಟರೆ ಗಂಡೇ ಇಲ್ಲ, ಮರಿ ಎಲ್ಲಿಂದ? ನನ್ನ ಪ್ರಕಾರ ತೀರಾ ದೊಡ್ಡ ಮುರುವನ್ನೂ ಬಿಡಬೇಕು.

ಸುರತ್ಕಲ್ ರೀಲ್

ಮಾಸ್ಟ್ರೇ, ಸಣ್ಣದು ಬಿಡುವುದಕ್ಕೆ ನನ್ನ ಒಪ್ಪಿಗೆ ಉಂಟು. ದೊಡ್ಡದನ್ನು ಬಿಡುವುದು ಅಷ್ಟು ಸುಲಭ ಅಲ್ಲ. ಹತ್ತು ಹದಿನೈದು ಮಾರು ಆಳದಿಂದ ಬೇಗ ಮೇಲೆತ್ತಿದ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿರುತ್ತದೆ. ಬಿಟ್ಟರೂ ಕೆಳಗೆ ಇಳಿಯಲು ಆಗದೆ ಮೇಲೆಯೇ ಹೊಟ್ಟೆ ಅಡಿಮೇಲಾಗಿ ತೇಲುತ್ತದೆ, ಹದ್ದು ಎತ್ತಿಕೊಂಡು ಹೋಗುತ್ತದೆ. ಹಾಗೆ ಸಾಯುವುದಕ್ಕಿಂತ ಮನೆಗೆ ತಂದು ಹಂಚಿ ತಿನ್ನುವುದು ಸರಿ ಅಂತ ನನ್ನ ಲೆಕ್ಕ.

ಪಡುಬಿದ್ರಿ ಮಾಸ್ಟ್ರು

ಅದಕ್ಕೆ ಉಪಾಯ ಉಂಟು. ಭಾರದ ಸೀಸ ಕಟ್ಟಿದ ದಾರಕ್ಕೆ ಮುಳ್ಳಿಲ್ಲದ ಕೊಕ್ಕೆ ಹಾಕಿ, ಮೀನಿನ ತುಟಿಗೆ ಸಿಕ್ಕಿಸಿ ತಳದವರೆಗೆ ಇಳಿಸಿ ಜಗ್ಗಿದರೆ ಬಿಟ್ಟುಕೊಳ್ಳುತ್ತದೆ. ಆಳಕ್ಕೆ ಹೋದ ಕೂಡಲೇ ಒತ್ತಡಕ್ಕೆ ಚೀಲ ಮೊದಲಿನ ಹಾಗಾಗುತ್ತದೆ. ಎರಡು ನಿಮಿಷದ ಕೆಲಸ. ನಾನು ಮಾಡುತ್ತೇನೆ, ಮೀನು ಓಡುವುದು ದಾರದಲ್ಲೇ ಗೊತ್ತಾಗುತ್ತದೆ. ಬೇಡ ಅನ್ನಿಸಿದರೆ ಒಂದೆರಡು ಮುರು ಸಿಕ್ಕಿದ ಮೇಲೆ ಆ ಪಾದೆ ಬಿಟ್ಟು ಬೇರೆ ಕಡೆ ಹೋಗಿ, ಅದೇ ಜಾಗ ಬರಿದು ಮಾಡುವುದು ಬೇಡ.

ಕಡಲಾಮೆ ಗಾಳಕ್ಕೆ ಸಿಕ್ಕಿದರೆ ಎತ್ತಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಆಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್ ಎಲ್ಲ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವಂಥವು. ಡಾಲ್ಫಿನ್ ಗುಂಪು ಕಂಡರೆ ನೋಡಿ ಖುಷಿಪಡಿ, ಬೋಟು ಅಟ್ಟಿಸಿಕೊಂಡು ಹೋಗುವುದು ಬೇಡ. ಹಾಗೆಯೇ ಸೇಂಟ್ ಮೇರೀಸ್ 1979ರಿಂದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ಬಂಡೆಗೆ ಸಿಕ್ಕಿದ ದಾರ, ಗಾಳ ಅಲ್ಲೇ ಬಿಟ್ಟು ಬರಬೇಡಿ. ಮಕ್ಕಳು ಬರಿಗಾಲಿನಲ್ಲಿ ನಡೆಯುವ ಜಾಗ.

ಔಷಧಿ ಅಂಗಡಿ

ತರುವ ಮೀನಿಗೆ ಐಸ್ ಹಿಂದಿನ ದಿನವೇ ಹೇಳಿ. ಬಂಗುಡೆ, ಅಂಜಲ್, ಕೇದರ (ಟ್ಯೂನಾ) ಜಾತಿಯ ಮೀನನ್ನು ಬಿಸಿಲಲ್ಲಿ ಬಕೆಟಿನಲ್ಲಿ ಇಟ್ಟರೆ ಅದರೊಳಗೆ ಹಿಸ್ಟಮಿನ್ ಬೆಳೆಯುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪು, ತುರಿಕೆ, ತಲೆನೋವು. ಎಷ್ಟು ಕುದಿಸಿದರೂ ಹೋಗುವುದಿಲ್ಲ. ಜನ "ನನಗೆ ಅಂಜಲ್ ಅಲರ್ಜಿ" ಅಂತ ಬಂದು ಹೇಳುವುದರಲ್ಲಿ ಕೆಲವು ಇದೇ. ಪುಡಿ ಐಸಿಗೆ ಸ್ವಲ್ಪ ಸಮುದ್ರದ ನೀರು ಸೇರಿಸಿ ಅದರಲ್ಲಿ ಮುಳುಗಿಸಿಟ್ಟರೆ ಎಲ್ಲ ಕಡೆಯಿಂದ ಬೇಗ ತಣ್ಣಗಾಗುತ್ತದೆ.

ಕಾಪು ಕಡಲು

26ಕ್ಕೆ ಹುಣ್ಣಿಮೆ ಅಮಾಸೆ ಹತ್ತಿರ ಉಂಟಾ ನೋಡಿ. ಆ ದಿನಗಳಲ್ಲಿ ಮೀನು ಚೆನ್ನಾಗಿ ಕಚ್ಚುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ.

ಗಾಳ_ಮಲ್ಪೆ

ಹೇಳುವುದು ಉಂಟು. ಆದರೆ ಹುಣ್ಣಿಮೆ, ಅಮಾಸೆಗೆ ಭರತ ಇಳಿತದ ವ್ಯತ್ಯಾಸ ಜಾಸ್ತಿ, ನೀರಿನ ಎಳೆತವೂ ಜಾಸ್ತಿ. ಸೀಸ ತಳದಲ್ಲಿ ನಿಲ್ಲುವುದಿಲ್ಲ, ಹೊಸಬರ ದಾರ ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಗೊತ್ತಿರುವವರಿಗೆ ಆ ಎಳೆತ ಒಳ್ಳೆಯದು, ಮೊದಲ ಸಲ ಹೋಗುವ ಹುಡುಗನಿಗೆ ನಡುವಿನ ದಿನಗಳೇ ಸಲೀಸು. ರಜೆ ಇರುವುದು ಯಾವಾಗಲೋ ಆಗ ಹೋಗಿ ಮಾರಾಯ್ರೆ. ದಿನ ಕಾಯುತ್ತಾ ಕೂತರೆ ಆಗುವುದಿಲ್ಲ.

ಪರ್ಕಳದವ

ಹೋಗಿ ಬಂದೆವು. ಕಾಯುತ್ತಿದ್ದವರಿಗೆ ಹೇಳಬೇಕಲ್ಲ.

ಕತ್ತಲೆಯಲ್ಲೇ ಹೊರಟೆವು, ನೀರು ಅಲ್ಲಾಡದಷ್ಟು ಶಾಂತ. ಭಾವ ಮಾತ್ರೆ ಬೇಡ ಅಂದಿದ್ದರು, ಅಕ್ಕ ಬಿಡಲಿಲ್ಲ. ಬೆಳಕಾಗುವಾಗ ದ್ವೀಪದ ಆಚೆ ಟ್ರೋಲಿಂಗ್ ಶುರು. ಎರಡು ಕಡೆ ಬಲೆಯ ಬಾವುಟ ಸಿಕ್ಕಿತು, ತಾಂಡೇಲರು ನಾವು ಹೇಳುವ ಮೊದಲೇ ದೂರದಿಂದ ಸುತ್ತು ಹಾಕಿದರು. ಬಲೆ ಎತ್ತುತ್ತಿದ್ದ ದೋಣಿಯವರ ಹತ್ತಿರ ತುಳುವಿನಲ್ಲಿ ಕೂಗಿ ಕೇಳಿ, ಆಮೇಲೆ ದಿಕ್ಕು ಬದಲಿಸಿದರು. ಸ್ವಲ್ಪ ಹೊತ್ತಿನಲ್ಲಿ ರೀಲು ಕೂಗಿತು, ಹುಡುಗನೇ ಹಿಡಿದ. ರೀಲಿನ ಬಿಗಿ ಮುಟ್ಟಲಿಲ್ಲ, ನೀವು ಬರೆದದ್ದನ್ನು ಓದಿ ಬಾಯಿಪಾಠ ಮಾಡಿದ್ದ. ಬಂದದ್ದು ಅಂಜಲ್ ಅಲ್ಲ, ಬಾರಕುಡಾ, ಮೊಣಕೈಯಿಂದ ಬೆರಳ ತುದಿಗಿಂತ ಉದ್ದ. ಅವನ ಮುಖ ನೋಡಬೇಕಿತ್ತು.

ಪಾದೆಯ ಮೇಲೆ ಮದಿಮಾಳ್ ಒಂದರ ಹಿಂದೆ ಒಂದು. ಅಪ್ಪ ಕೂತಲ್ಲೇ ದಾರ ಬೆರಳಿನಲ್ಲಿ ಹಿಡಿದು ಎಲ್ಲರಿಗಿಂತ ಜಾಸ್ತಿ ಎತ್ತಿದರು, ಬಿಡಿಸುವುದು ಬೋಟಿನ ಹುಡುಗ. ಅಪ್ಪ ಇಷ್ಟು ಮಾತಾಡಿದ್ದು ನಾನು ಈಚೆಗೆ ಕೇಳಿರಲಿಲ್ಲ. ಅವರು ಸಣ್ಣವರಿದ್ದಾಗ ಹೊಳೆಯಲ್ಲಿ ಗಾಳ ಹಾಕಿದ್ದು, ಯಾರ ಜೊತೆ, ಯಾವ ಸೇತುವೆಯ ಕೆಳಗೆ, ಎಲ್ಲ ಹೇಳಿದರು. ಮೂರು ಸಣ್ಣ ಮುರು ಬಂತು, ಮೂರನ್ನೂ ಬಿಟ್ಟೆವು. ಒಂದು ತೇಲಿತು, ಮಾಸ್ಟ್ರು ಹೇಳಿದ ಹಾಗೆ ಸೀಸ ಕಟ್ಟಿ ಇಳಿಸಿದೆವು, ಹೋಯಿತು.

ಒಂಬತ್ತೂವರೆಗೆ ಮೀನು ಚೆನ್ನಾಗಿ ಕಚ್ಚುತ್ತಿರುವಾಗಲೇ ತಾಂಡೇಲರು ಲಂಗರು ಎತ್ತಿಸಿದರು. ಪಶ್ಚಿಮದಲ್ಲಿ ನೀರಿನ ಬಣ್ಣ ಕಪ್ಪಾಗಿ ಒಂದು ಗೆರೆಯ ಹಾಗೆ ಬರುತ್ತಿತ್ತು, ನಮಗೆ ಅದು ಎಂತ ಅಂತ ಗೊತ್ತಾಗಲಿಲ್ಲ. ಭಾವ "ಇನ್ನೊಂದು ಅರ್ಧ ಗಂಟೆ ಇರೋಣ, ಬೇಕಾದರೆ ಹೆಚ್ಚು ಕೊಡುತ್ತೇವೆ" ಅಂದರು. ತಾಂಡೇಲರು ತಲೆ ಅಲ್ಲಾಡಿಸಿದರು, ಅಷ್ಟೇ. ಕಾಲು ಗಂಟೆಯಲ್ಲಿ ಗಾಳಿ ಬಂತು. ಧಕ್ಕೆ ಸೇರುವಾಗ ಹಿಂದೆ ಸಮುದ್ರ ಪೂರ್ತಿ ಬಿಳಿ ನೊರೆ. ಅಲ್ಲೇ ಇದ್ದಿದ್ದರೆ ಅಪ್ಪನಿಗೆ ತುಂಬಾ ಕಷ್ಟ ಆಗುತ್ತಿತ್ತು. ದುಡ್ಡು ಹೆಚ್ಚು ಕೊಡುತ್ತೇವೆ ಅಂದಾಗಲೂ ತಿರುಗಿಸಿದರಲ್ಲ, ಆ ಮನುಷ್ಯರ ಮೇಲೆ ನನಗೆ ಎಷ್ಟು ಗೌರವ ಬಂದಿದೆ ಅಂತ ಬರೆಯಲು ಆಗುತ್ತಿಲ್ಲ.

ಬೆಂಗ್ರೆ ಕಡೆಯವಳು

ಓದಿ ತುಂಬಾ ಖುಷಿ ಆಯಿತು. ಆ ಕಪ್ಪು ಗೆರೆಯೇ ಗಾಳಿ. ದೂರದಲ್ಲಿ ನೀರಿನ ಮೈ ಒರಟಾದಾಗ ಹಾಗೆ ಕಾಣುತ್ತದೆ. ಹುಡುಗನಿಗೆ ಹೇಳಿ, ಮುಂದಿನ ಸಲ ಅವನೇ ಮೊದಲು ನೋಡಲಿ.

ಬ್ರಹ್ಮಾವರ ಬೈಕ್

ಈಗ ಓದಿದೆ. ನಮ್ಮ ಆಫೀಸಿನವರಿಗೆ ಮೇ ಕೊನೆಗೆ ಹೋಗಬೇಕು ಅಂತ ಉಂಟು. ಒಬ್ಬರು ಜೂನಿನಲ್ಲಿ ಆದರೆ ಕಮ್ಮಿಗೆ ಮಾಡಿಕೊಡುತ್ತೇನೆ ಅಂದಿದ್ದಾರೆ. ಆಗಬಹುದಾ?

ಗಾಳ_ಮಲ್ಪೆ

ಜೂನ್ ಪೂರ್ತಿ ಬಿಟ್ಟುಬಿಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಸಮುದ್ರವೂ ಹುಚ್ಚೆದ್ದಿರುತ್ತದೆ. ನಾಡದೋಣಿಯವರಿಗೆ ಇರುವ ವಿನಾಯಿತಿ ಅವರ ಹೊಟ್ಟೆಪಾಡಿಗೆ, ನಮ್ಮ ಪಿಕ್ನಿಕ್ಕಿಗೆ ಅಲ್ಲ. ಆ ತಿಂಗಳಲ್ಲಿ ಕಮ್ಮಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುವವರ ನಂಬರ್ ಅಳಿಸಿ.

ಮೇ ಕೊನೆಯೂ ಬೇಡ. ಆಗಲೇ ತೆಂಕಣದಿಂದ ಉದ್ದ ಅಲೆ ಬರಲು ಶುರುವಾಗಿರುತ್ತದೆ, ಸಂಜೆ ಗುಡುಗು ಸಿಡಿಲು ಬೇರೆ. ನೂಲು ಹುಣ್ಣಿಮೆಯ ಹೊತ್ತಿಗೆ ಇಲ್ಲಿಯವರು ಸಮುದ್ರ ಪೂಜೆ ಮಾಡಿ ಹಾಲು, ತೆಂಗಿನಕಾಯಿ ಬಿಡುತ್ತಾರೆ. ಅದಾದ ಮೇಲೂ ಹೊಸಬರಿಗೆ ಆತುರ ಬೇಡ, ಅಕ್ಟೋಬರ್ ನಡುವಿನವರೆಗೆ ನೀರು ಕಲಕಿರುತ್ತದೆ. ನವೆಂಬರಿಗೆ ಇಟ್ಟುಕೊಳ್ಳಿ. ಎಷ್ಟು ಜನ ಅಂತ ಬರೆಯಿರಿ, ಎಂಟಕ್ಕಿಂತ ಜಾಸ್ತಿ ಇದ್ದರೆ ಎರಡು ಬೋಟು ಮಾಡಬೇಕಾಗುತ್ತದೆ.